ಕೆಂಪು ದಾರ ಕಟ್ಟಿದ ರಾಡು

"ವೈನಿ, ಖರಾಬ ಸಾಮಾನು ಹಾಕಿದ ಗಾಡಿ ಇನ್ನ ನನ್ನ ಗ್ಯಾರೇಜಿನ ಹೊಸ್ತಿಲ ದಾಟಂಗಿಲ್ಲ."

ನನ್ನ ಗಂಡ ಅಂದಪ್ಪ ಹುನಗುಂದ ರಸ್ತೆಯಲ್ಲಿ ಸತ್ತ ಮೂರನೆಯ ದಿನ ಅವನ ಗೆಳೆಯ, ನನ್ನನ್ನು ಅತ್ತಿಗೆಯೆಂದು ತಿಳಿದು ವೈನಿ ಎನ್ನುತ್ತಿದ್ದ ಮೆಕ್ಯಾನಿಕ್ ಜಲಾಲುದ್ದೀನ ಈ ಮಾತು ಕೊಟ್ಟಿದ್ದ. ಅದು ಎಪ್ಪತ್ತೊಂದನೆಯ ಇಸವಿ. ಗುಜರಿಯಿಂದ ತಂದ ವಾಲ್ವ್ ಮುರಿದು, ಅಂದಪ್ಪ ಓಡಿಸುತ್ತಿದ್ದ ಗಾಡಿಯ ಎಂಜಿನ್ ಗಕ್ಕನೆ ನಿಂತಿತ್ತು. ಆ ವಾಲ್ವ್ ಕೂರಿಸಿದ್ದು ಯಾರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹದಿಮೂರು ವರ್ಷದ ಮೇಲೆ ನನ್ನ ಮಗ ಹುಚ್ಚೇಶ ಅದೇ ಗ್ಯಾರೇಜಿನಲ್ಲಿ ಹಳೆಯ ಬುಲೆಟ್ಟಿನ ಎಂಜಿನ್ ಬಿಚ್ಚಿಕೊಂಡು ಕೂತ. ಕಲ್ಲಿನ ಕ್ವಾರಿಯ ಹುಡುಗರ ಜೊತೆ ರವಿವಾರ ಇಳಕಲ್ಲಿನಿಂದ ಹುನಗುಂದದವರೆಗೆ ಗಾಡಿ ಓಡಿಸುವ ಶರ್ಯತ್ತು. ಎಂಜಿನ್ ಜೋರಾಗಬೇಕು, ಖರ್ಚು ಆಗಬಾರದು. ವಾಲ್ವ್, ಸ್ಪ್ರಿಂಗ್, ವಾಲ್ವ್ ಎತ್ತುವ ಉದ್ದನೆಯ ರಾಡು, ಎಲ್ಲವೂ ಬಾಗಲಕೋಟೆಯ ಗುಜರಿಯಿಂದಲೇ ಬಂದವು. ಬೇಡವೆಂದೆ. ಕೇಳುವ ವಯಸ್ಸಲ್ಲ. ಮಗ್ಗದಿಂದ ಎದ್ದಾಗಲೆಲ್ಲ ಹೋಗಿ ನೋಡತೊಡಗಿದೆ.

"ಏನ್ರಿ ವೈನಿ, ದಿನಾ ಹಾಜರಿ! ಪೊಲೀಸ್ ಖಾತೇದಾಗ ಭರ್ತಿ ಆದ್ರೇನು?"

"ಅವರಿಗೆ ಪಗಾರ ಐತಿ. ನಾ ಪುಕ್ಕಟ್ಟೆ ಕಾಯಾಕತ್ತೇನಿ. ತೋರಸಣ್ಣಾ, ಏನ್ ಹಾಕ್ತಿ."

ಅದು ಗುರುವಾರ, ಹುಚ್ಚೇಶ ಇರಲಿಲ್ಲ. ಜಲಾಲುದ್ದೀನ ಪಾಲಿಶ್ ಮಾಡಿದ ಕಲ್ಲಿನ ಹಾಸಿನ ಮೇಲೆ ನಾಲ್ಕು ರಾಡುಗಳನ್ನು ಒಂದೊಂದಾಗಿ ಉರುಳಿಸಿದ. ಎರಡು ಸರಾಗ ಉರುಳಿದವು. ಎರಡು ಕುಂಟಿದವು. ಎಂಜಿನ್ನಿಗೆ ಬೇಕಾದದ್ದು ಎರಡೇ.

"ಇವು ಡೊಂಕು. ಗುಜರಿಯವ ಇತ್ಲಾಗ ಬಂದಾಗ ತಿರುಗಿ ಕೊಡ್ತೇನಿ. ಒಂದೀಟು ದಾರ ಕೊಡ್ರಿ, ಗುರುತಿಗೆ."

ಸೆರಗಿನ ಗಂಟಿನಲ್ಲಿದ್ದ ಕೆಂಪು, ಬಿಳಿ ರೇಷ್ಮೆಯ ತುಂಡುಗಳನ್ನು ಕೊಟ್ಟೆ. ಡೊಂಕಿನವಕ್ಕೆ ಕೆಂಪು, ನೆಟ್ಟಗಿನವಕ್ಕೆ ಬಿಳಿ ಕಟ್ಟಿ ಒಂದೇ ಡಬ್ಬಿಯಲ್ಲಿಟ್ಟ.

ಶನಿವಾರ ಸಂಜೆ ಹೋದಾಗ ಎಂಜಿನ್ ಜೋಡಿಸಿ ಮುಚ್ಚಿಯಾಗಿತ್ತು. ಜಲಾಲುದ್ದೀನ ಅದನ್ನು ಅರಿವೆಯಿಂದ ಒರೆಸುತ್ತಿದ್ದ. ಡಬ್ಬಿಗೆ ಕೈ ಹಾಕಿದೆ. ಬಿಳಿ ದಾರದವೆರಡೂ ಅಲ್ಲೇ ಇದ್ದವು. ಕೆಂಪು ದಾರಗಳು ನೆಲದ ಮೇಲೆ ಬಿದ್ದಿದ್ದವು, ರಾಡುಗಳಿಲ್ಲ.

"ಅಂದಪ್ಪಗೂ ಹಿಂಗs ಮಾಡಿದ್ಯಾ?" ಎಂದುಬಿಟ್ಟೆ.

ಅವನ ಕೈಯ ಅರಿವೆ ಬಿತ್ತು. ಡಬ್ಬಿ ನೋಡಿದ. "ಖುದಾನ ಆಣಿ ವೈನಿ, ನಿನ್ನೆಯಿಂದ ನಾ ಬಾಗಲಕೋಟ್ಯಾಗ ಇದ್ದೆ. ಈಗ ಬಸ್ ಇಳದು ಬಂದೇನಿ."

"ಮತ್ತ ದೆವ್ವ ಬಂದು ಹಾಕಿತೇನು?"

"ನಾನs ಹಾಕೀನಬೇ," ಎಂದ ಗಾಡಿಯ ಹಿಂದೆ ಕೂತಿದ್ದ ಹುಚ್ಚೇಶ. "ಕೆಂಪು ದಾರ ಇತ್ತಲ್ಲ!"

ನಮ್ಮ ಮನೆಯಲ್ಲಿ ನೇಯ್ದ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ತಪ್ಪಿಲ್ಲವೆಂದಾದರೆ ಅಂಚಿಗೆ ಕೆಂಪು ರೇಷ್ಮೆ ಕಟ್ಟುತ್ತೇವೆ. ತೊಟ್ಟಿಲಿನಿಂದ ಅದನ್ನೇ ನೋಡಿ ಬೆಳೆದವನು. ದಾರ ಕೊಟ್ಟವಳು ನಾನು, ನನಗೂ ಹೊಳೆದಿರಲಿಲ್ಲ.

"ಚಾಲೂ ಮಾಡಿದ್ಯೇನಲೇ?"

"ಎರಡು ಸಲ, ಕಾಕಾ. ಸದ್ದು ಚೊಲೋ ಐತಿ."

"ಹಂಗಾರ ಡೊಂಕು ರಾಡಿನಿಂದ ವಾಲ್ವಿಗೂ ಪೆಟ್ಟು ಬಿದ್ದಿರತೈತಿ. ಪೂರಾ ಬಿಚ್ಚಬೇಕು. ಸೋಮವಾರ ಆಗತೈತಿ."

"ಶರ್ಯತ್ತು ನಾಳೆ ಐತಿ! ನಾ ಒಯ್ತೇನಿ."

ಜಲಾಲುದ್ದೀನ ಹೊಸ್ತಿಲ ಮೇಲೆ ಕಾಲು ಚಾಚಿ ಕೂತ. "ದಾಟಿ ಹೋಗು, ನೋಡೂಣು."

ನಾನೂ ಅವನ ಪಕ್ಕಕ್ಕೆ ಕೂತೆ. ಅಂದಪ್ಪನ ಬಗ್ಗೆ ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ರವಿವಾರದ ಶರ್ಯತ್ತು ಹುಚ್ಚೇಶನಿಲ್ಲದೆ ನಡೆಯಿತು. ಗಾಡಿ ಹೊಸ್ತಿಲು ದಾಟಲಿಲ್ಲ. ಜಲಾಲುದ್ದೀನ ಕೊಟ್ಟ ಮಾತು ಉಳಿಸಿಕೊಂಡ.