ಜಡೆಗೆ ಎರಡು ಕೋಟ್

"ಪೊರಕೆ ಕೂಡ ಇದಕ್ಕಿಂತ ಮೆತ್ತಗಿರುತ್ತಮ್ಮ," ಎಂದರು ಪೇಂಟರನ ತಾಯಿ. ಮಾರುಕಟ್ಟೆಯಲ್ಲಿ ಸೊಪ್ಪು ನೋಡುವವರ ಹಾಗೆ ಸೊಸೆಯ ಜಡೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು. "ಪೊರಕೆಯಿಂದ ಕಸನಾದರೂ ಹೋಗುತ್ತೆ."

"ಅದಕ್ಕೇ ಅತ್ತೆ, ಇವತ್ತು ಸಂಜೆ ಕತ್ತರಿಸಿಬಿಡ್ತೀನಿ. ಕಿವಿವರೆಗೆ. ಅಕ್ಕನ ಮಗಳಿಗೆ ಹೇಳಿಯಾಯ್ತು, ಅವಳ ಪಾರ್ಲರಲ್ಲೇ."

ಅಡುಗೆಮನೆಯಲ್ಲಿ ಬಾಳೆಹಣ್ಣು ಹಿಸುಕುತ್ತಿದ್ದ ಪೇಂಟರ್ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೇಳಿಸಿಕೊಂಡಂತಾಗುತ್ತಿತ್ತು.

ಅವನ ಹೆಂಡತಿ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವಳು. ಬ್ರೆಡ್ಡಿನ ಬಿಸಿ ಬ್ರೆಡ್ಡಿಗೆ ಮಾತ್ರ ತಾಗಲಿ ಎಂದರೆ ಒಲೆ ಕೇಳುವುದಿಲ್ಲ. ದಿನಾ ಅಷ್ಟಷ್ಟೇ ಕಾದು ಕಾದು, ಸೊಂಟದ ಕೆಳಗೆ ಇಳಿಯುತ್ತಿದ್ದ ಜಡೆ ಹುರಿ ಬಿಚ್ಚಿದ ಹಗ್ಗದ ಹಾಗಾಗಿತ್ತು. ಬಾಚಿದರೆ ಬಾಚಣಿಗೆಯ ಹಲ್ಲೇ ಮುರಿಯುತ್ತಿತ್ತು. ಕತ್ತರಿಸುವ ತೀರ್ಮಾನವನ್ನು ಅವಳು ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದ್ದಳು.

ಪೇಂಟರನಿಗೆ ಮಾತ್ರ ಅದು ಎದೆಗೆ ನಾಟಿತ್ತು. ಆ ಜಡೆ ಅವನಿಗೆ ಇಷ್ಟ. ಮದುವೆಗೆ ಮುಂಚಿನಿಂದಲೂ ಇಷ್ಟ. ಆದರೆ ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಹೊಗಳಿಕೆಯನ್ನೆಲ್ಲ ಅವನು ಗಿರಾಕಿಗಳ ಗೋಡೆಗೆ ಮೀಸಲಿಟ್ಟಿದ್ದ. 'ಈ ಹಳದಿ ಹಾಕಿದರೆ ಮನೆಗೇ ಕಳೆ ಬರುತ್ತೆ ಮೇಡಂ' ಎಂದು ಊರೆಲ್ಲ ಹೇಳಿಕೊಂಡು ಬಂದವನು, ಸ್ವಂತ ಮನೆಯಲ್ಲಿ 'ಕತ್ತರಿಸಬೇಡ' ಎನ್ನುವ ಬದಲು, 'ಸಂಜೆವರೆಗೆ ಟೈಮ್ ಕೊಡು, ನಾನೊಂದು ಕೈ ನೋಡ್ತೀನಿ' ಎಂದಿದ್ದ. ಸೋರುವ ನಲ್ಲಿಯ ಬಗ್ಗೆಯೂ ಅವನು ಹೇಳುತ್ತಿದ್ದದ್ದು ಅದನ್ನೇ.

ಮದ್ದು ಅವನಿಗೆ ಸಿಕ್ಕಿದ್ದು ಏಣಿಯ ಮೇಲೆ. ಹಿಂದಿನ ದಿನ ಒಂದು ಮನೆಯ ಚಾವಣಿಗೆ ಬಣ್ಣ ಬಳಿಯುತ್ತಿದ್ದಾಗ ಮನೆಯೊಡತಿ ತಲೆ ತುಂಬ ಏನನ್ನೋ ಮೆತ್ತಿಕೊಂಡು ಕೆಳಗೆ ಓಡಾಡುತ್ತಿದ್ದಳು. ಕೇಳಿದ. ಒಣ ಕೂದಲಿಗೆ ಮನೆಮದ್ದಂತೆ. ಬಾಳೆಹಣ್ಣು, ಮೊಟ್ಟೆ, ಜೇನುತುಪ್ಪ, ಅಗಸೆ ಬೀಜ ಕುದಿಸಿ ತೆಗೆದ ಲೋಳೆ. ಎಲ್ಲ ಕಲಸಿ ಹಚ್ಚುವುದು. ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಹಚ್ಚಿದ ಮೇಲೆ ಏನು ಮಾಡಬೇಕು ಎಂಬುದು ಫೋನಿನ ಜೊತೆ ಬಾಲ್ಕನಿಗೆ ಹೊರಟುಹೋಯಿತು. ಪೇಂಟರನಿಗೆ ಅದೊಂದು ಕೊರತೆ ಅನಿಸಲಿಲ್ಲ. ಹಚ್ಚುವ ಕೆಲಸವನ್ನು ಅವನಿಗೆ ಇನ್ನೊಬ್ಬರು ಹೇಳಿಕೊಡಬೇಕೇ?

ನೆಲಕ್ಕೆ ಹಳೇ ಪೇಪರ್ ಹಾಸಿದ. ಸ್ಟೂಲ್ ಇಟ್ಟು ಹೆಂಡತಿಯನ್ನು ಕೂರಿಸಿದ. ಹಣೆಯ ಮೇಲೆ, ಕೂದಲು ಶುರುವಾಗುವ ಗೆರೆಗೆ ಸರಿಯಾಗಿ, ಪೇಪರ್ ಟೇಪ್ ಅಂಟಿಸಿದ.

"ಇದ್ಯಾಕೆ?"

"ಅಂಚು ನೀಟಾಗಿ ಬರಬೇಕಲ್ಲ."

ಕಲಸಿದ್ದನ್ನು ತೆಳುಬಟ್ಟೆಯಲ್ಲಿ ಸೋಸಿ, ಡಬ್ಬಿಯೊಳಗೆ ಬ್ರಶ್ ಅದ್ದಿ, ಅಂಚಿಗೆ ಒರೆಸಿ ಎತ್ತಿದ.

"ಬ್ರಶ್ ಹೊಸದಾ?"

"ಹೊಸದೇ."

"ರೀ..."

"ಒಂದೇ ಒಂದು ಸಲ ಪ್ರೈಮರ್‌ಗೆ ಅದ್ದಿದ್ದೆ. ತೊಳೆದಿದ್ದೀನಿ."

ಮೇಲಿನಿಂದ ಕೆಳಗೆ, ಒಂದೇ ದಿಕ್ಕಿನಲ್ಲಿ, ಗುರುತು ಬೀಳದ ಹಾಗೆ ಬಳಿದ. ಒಳ್ಳೆಯ ಕೆಲಸವೇ. ಬಳಿದು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿ, ಫ್ಯಾನ್ ಜೋರು ಮಾಡಿದ.

"ಹಸಿ ಇದೆ. ಯಾರೂ ಮುಟ್ಟಬೇಡಿ. ನೀನು ಎಲ್ಲೂ ಒರಗಬೇಡ."

"ಬೋರ್ಡ್ ಬರೆದು ಕುತ್ತಿಗೆಗೆ ನೇತುಹಾಕಪ್ಪ," ಎಂದರು ತಾಯಿ.

ಒಣಗಿದ ಮೇಲೆ ಬೆರಳ ತುದಿಯಲ್ಲಿ ಮುಟ್ಟಿ ನೋಡಿದ. ಅಂಟಲಿಲ್ಲ. ತೃಪ್ತಿಯಾಗಿ ಎರಡನೇ ಕೋಟ್ ಕೊಟ್ಟ. ಒಂದೇ ಕೋಟ್‌ಗೆ ಬಿಟ್ಟರೆ ಬಾಳಿಕೆ ಬರುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ, ಅದು ನಿಜವೂ ಆಗಿತ್ತು.

ಎರಡನೆಯದು ಒಣಗಿದಾಗ ಹೆಂಡತಿ ಕುತ್ತಿಗೆ ತಿರುಗಿಸಲು ನೋಡಿದಳು. ಜಡೆಯಿದ್ದ ಜಾಗದಲ್ಲಿ ಒಂದು ಹಲಗೆ ಬೆನ್ನಿಗೆ ಬಡಿಯಿತು. ತಾಯಿ ಹತ್ತಿರ ಬಂದು ಸೊಸೆಯ ನೆತ್ತಿಯ ಮೇಲೆ ಬೆರಳು ಮಡಚಿ ತಟ್ಟಿದರು. ಟಕ್ ಟಕ್.

"ಒಳಗೆ ಯಾರಾದ್ರೂ ಇದ್ದೀರಾ?"

"ಅತ್ತೆ, ನಗೋಕಾಗಲ್ಲ. ಹಣೆ ಎಳೀತಿದೆ."

"ನಗು ಬರ್ತಿದೆಯಾ?" ಎಂದು ಪೇಂಟರ್ ಆಸೆಯಿಂದ ಕೇಳಿದ.

"ಇಲ್ಲ. ಅಕಸ್ಮಾತ್ ಬಂದರೆ ಅಂತ ಹೇಳಿದೆ."

ಜಡೆ ಉಳಿಸಲು ಹೊರಟವನು ಅದನ್ನು ತಾನೇ ಬುಡಸಮೇತ ಮುಗಿಸಿದ್ದ. ಇದರೊಳಗಿಂದ ಕೂದಲು ಬಿಡಿಸಲು ಬಾರದಿದ್ದರೆ ಕಿವಿವರೆಗೂ ಅಲ್ಲ, ನುಣ್ಣಗೆ ಬೋಳಿಸುವುದೇ.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ," ಎಂದರು ತಾಯಿ ಯೋಚಿಸುತ್ತಾ. "ತಲೆ ಕೆಸರಾದ್ರೆ ಏನು ಅಂತ ಯಾರೂ ಗಾದೆ ಮಾಡಿಲ್ಲ. ಕೆರೆದು ತೆಗಿಯೋ. ನಿನ್ನ ಹತ್ತಿರ ಹಳೇ ಬಣ್ಣ ಕೆರೆಯೋ ತಗಡಿದೆಯಲ್ಲ."

"ಅಮ್ಮಾ, ಇದು ಗೋಡೆ ಅಲ್ಲ!"

"ಈಗ ಗೊತ್ತಾಯ್ತಾ?" ಎಂದಳು ಹೆಂಡತಿ.

ಅವನು ನೀರು ಕಾಯಿಸಲು ಓಡಿದ. ಹಿಂದಿನಿಂದ ಅವಳ ದನಿ ಬಂತು. "ಕುದಿಸಬೇಡಿ! ಮೊಟ್ಟೆ ಬೆಂದು ಇನ್ನೂ ಗಟ್ಟಿಯಾಗುತ್ತೆ. ಉಗುರುಬೆಚ್ಚಗಿರಲಿ. ಮೊಟ್ಟೆ ವಿಷಯದಲ್ಲಾದರೂ ನನ್ನ ಮಾತು ಕೇಳಿ."

ಕೇಳಿದ. ಒದ್ದೆ ಟವೆಲ್ ಸುತ್ತಿದ, ಆರಿದಾಗ ಬದಲಾಯಿಸಿದ, ಮತ್ತೆ ಸುತ್ತಿದ. ಹಲಗೆಯಾಗಿದ್ದದ್ದು ಹಕ್ಕಳೆ ಹಕ್ಕಳೆಯಾಗಿ ಮೆಲ್ಲಗೆ ಸಡಿಲವಾಗತೊಡಗಿತು. ಆಮೇಲೆ ಎಣ್ಣೆ ಮುಟ್ಟಿಸಿಕೊಂಡ ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಲು ಕೂತ. ಬ್ರಶ್ ಮುಟ್ಟಲಿಲ್ಲ. ಒಂದು ಎಳೆ ಜಗ್ಗಿದರೆ ಅವಳು 'ಸ್ಸ್' ಎನ್ನುವಳು, ಅವನು ನಿಲ್ಲಿಸುವನು. ಮಧ್ಯಾಹ್ನದ ಊಟಕ್ಕೆ ತಾಯಿ ಕರೆದರು. ಇಬ್ಬರೂ ಏಳಲಿಲ್ಲ. ತಟ್ಟೆಯನ್ನೇ ತಂದು ಸೊಸೆಯ ಮಡಿಲಲ್ಲಿಟ್ಟು, "ತಿನ್ನು. ಹೊಟ್ಟೆಗೆ ಯಾರೂ ಬಣ್ಣ ಬಳಿದಿಲ್ಲವಲ್ಲ," ಎಂದು ಹೋದರು.

ಬಿಸಿಲು ಕಿಟಕಿ ದಾಟಿ ಎದುರಿನ ಗೋಡೆಗೆ ಹತ್ತಿದಾಗ ಬುಡದಿಂದ ಬೆನ್ನಿನವರೆಗೆ ಕೂದಲು ಬಿಟ್ಟುಕೊಂಡಿತ್ತು. ಅವನು ಬೆರಳು ಆಡಿಸಿದ. ತಡೆಯಿಲ್ಲದೆ ಇಳಿಯಿತು. ಮದ್ದು ಕೆಲಸ ಮಾಡಿತೋ, ಮದ್ದು ತೆಗೆದದ್ದು ಕೆಲಸ ಮಾಡಿತೋ ಅವನಿಗೆ ತಿಳಿಯಲಿಲ್ಲ. ಕೆಳಗಿನ ಒಂದು ಗೇಣು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ.

"ಕತ್ತರಿಸಬೇಡ ಅಂತ ಹೇಳಬಹುದಿತ್ತಲ್ಲ ನೀವು," ಎಂದಳು ಅವಳು, ಮುಂದಕ್ಕೇ ನೋಡುತ್ತಾ.

"ಹೇಳಿದ್ರೆ ಬಿಡ್ತಿದ್ಯಾ?"

"ಇಲ್ಲ."

"ಮತ್ತೆ?"

"ಆದ್ರೂ ಹೇಳಬಹುದಿತ್ತು."

ಪೇಂಟರ್ ಇನ್ನೊಂದು ಎಳೆ ಬಿಡಿಸಿದ. ಬಿಡಿಸಿ, ಕೈಗೆ ಹತ್ತಿದ್ದ ಜೇನನ್ನು ಪ್ಯಾಂಟಿಗೆ ಒರೆಸಿಕೊಂಡ.

"ಚೆನ್ನಾಗಿದೆ," ಎಂದ.

"ಏನು?"

"ಜಡೆ. ಮೊದಲಿಂದಾನೂ."

"ಗೋಡೆ ನೋಡಿ ಹೇಳೋ ಹಾಗೆ ಹೇಳ್ತೀರಲ್ಲ."

"ಗೋಡೆಗಾದ್ರೆ ಊಟ ಬಿಟ್ಟು ಕೂರ್ತಿರಲಿಲ್ಲ."

ಅವಳ ಫೋನ್ ಬಡಿದುಕೊಂಡಿತು. ಅಕ್ಕನ ಮಗಳು. ಅಂಗಡಿ ಖಾಲಿಯಿದೆ, ಕತ್ತರಿ ಹರಿತ ಮಾಡಿಟ್ಟಿದ್ದೇನೆ, ಇನ್ನೂ ಯಾಕೆ ಬಂದಿಲ್ಲ ಚಿಕ್ಕಮ್ಮ, ಎಂದು ಕೋಣೆಗೆಲ್ಲ ಕೇಳುವ ಹಾಗೆ ಕೇಳಿದಳು. ಪೇಂಟರನ ಬೆರಳುಗಳು ಕೂದಲಿನ ನಡುವೆ ಹಾಗೇ ನಿಂತವು.

"ಬರ್ತೀನಿ," ಎಂದಳು ಅವಳು. "ಕಿವಿವರೆಗೆ ಬೇಡ. ತುದೀಲಿ ಒಂದು ಗೇಣು ಕೆಟ್ಟಿದೆ, ಅಷ್ಟೇ ತೆಗಿ. ಏನಾಯ್ತು ಅಂತ ಮಾತ್ರ ಕೇಳಬೇಡ."

ಫೋನ್ ಇಟ್ಟು, ಹಣೆಯ ಮೇಲೆ ಉಳಿದಿದ್ದ ಟೇಪನ್ನು ಕಿತ್ತು ಗಂಡನ ಅಂಗೈಗೆ ಅಂಟಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಪೇಂಟರ್ ನೆಲದ ಪೇಪರ್ ಮಡಚಲು ಬಗ್ಗಿದ. ತಲೆ ಎತ್ತಿದಾಗ ಅವನ ತಾಯಿ ಸ್ಟೂಲಿನ ಮೇಲೆ, ಅವನಿಗೆ ಬೆನ್ನು ಮಾಡಿ ಕೂತಿದ್ದರು. ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು.