ಎರಡನೇ ಮುಚ್ಚಳ

“ಬೇವರ್ಸಿ, ಮೂಗು ಮುಚ್ಚಿ ನಿಂತದ್ದಾ? ನಿನಗೂ ವಾಸನೆ ಬರ್ತದಾ ಈಗ? ಇಳಿ ಬೇಗ.”

ಕಂತ್ರಾಟುದಾರ ಚಿತ್ತರಂಜನ ಬಿಳಿ ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಿದ್ದ. ಬೋಳಾರದ ಪಂಪ್‌ಹೌಸಿನ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಊರು ಬೆಳೆದಿದೆ, ಕೊಳಚೆ ನೀರಿನ ಘಟಕವೂ ದೊಡ್ಡದಾಗಬೇಕು ಎಂದು ಸಭೆ. ಅದೇ ದಿನ ನೋಡಿ, ಊರಿನ ಕೊಳಚೆ ಕೂಡುವ ಬಾವಿಗೆ ಬಂದು ಬೀಳುವ ಪೈಪಿನ ಬಾಯಿ ಕಟ್ಟಿತ್ತು. ಅರ್ಧ ಊರಿನ ಹೊಲಸು ರಸ್ತೆಯಲ್ಲೇ ಉಕ್ಕಿ, ಗಣ್ಯರ ಕುರ್ಚಿಗಳ ಕಾಲಿಗೆ ಬಂದಿತ್ತು.

ಶೀನಪ್ಪ ಮೂಗು ಮುಚ್ಚಿರಲಿಲ್ಲ, ಮುಖದ ಬೆವರು ಒರೆಸಿದ್ದ ಅಷ್ಟೆ. ಹೇಳಿದರೆ ಕೇಳುವವರುಂಟೇ? ಅವನು ಬಾವಿಯ ಮುಚ್ಚಳ ಎತ್ತಿ ಬಗ್ಗಿದ. ಎತ್ತಿದ ಕೂಡಲೇ ಜಿರಳೆಗಳು ಗೋಡೆಯಲ್ಲಿ ಸರಸರ ಓಡಬೇಕು. ಓಡಿದರೆ ಒಳಗೆ ಉಸಿರಾಡಬಹುದು, ಇಳಿಯಬಹುದು. ಅವನ ಅಪ್ಪ ನಂಬಿದ್ದೂ ಅದನ್ನೇ. ಇವತ್ತು ಗೋಡೆಯಲ್ಲಿ ಒಂದೂ ಇರಲಿಲ್ಲ. ಶೀನಪ್ಪ ತಲೆ ಹಿಂದಕ್ಕೆ ತೆಗೆದ.

“ಗ್ಯಾಸ್ ಉಂಟು ಧಣಿ. ಮಿಷನ್ ಬರ್ಲಿ.”

“ಮಿಷನ್ ಕಾಟಿಪಳ್ಳದಲ್ಲಿ ಉಂಟು. ಮಂತ್ರಿಗಳು ಪಂಪ್‌ವೆಲ್ ಸರ್ಕಲ್‌ಗೆ ಮುಟ್ಟಿದ್ದಾರೆ. ನಿನ್ನ ಜಿರಳೆಗೆ ನಾನು ಕಾಯ್ಬೇಕಾ?”

ಹಿಂದೆ ನಿಂತಿದ್ದ ಮುಖೇಶ್, ಶೀನಪ್ಪನ ತಂಗಿಯ ಮಗ, ಅಂಗಿ ಬಿಚ್ಚತೊಡಗಿದ. ಮದುವೆಯಾಗಿ ವರ್ಷ ತುಂಬಿರಲಿಲ್ಲ.

“ಮಾಮ, ನಾನು ಇಳಿತೇನೆ. ಇಳಿದವರಿಗೆ ಹೊಸ ಪ್ಲಾಂಟಲ್ಲಿ ಪರ್ಮನೆಂಟ್ ಅಂತೆ.”

“ಸಾಯ್ಲಿಕ್ಕೆ ಅವಸರವಾ ನಿನಗೆ? ಅಂಗಿ ಹಾಕು.” ಶೀನಪ್ಪ ಮುಚ್ಚಳ ಎಳೆದು ಹಾಕಿ ಅದರ ಮೇಲೆಯೇ ಕೂತುಬಿಟ್ಟ. “ಯಾರೂ ಇಳಿಯುದಿಲ್ಲ ಧಣಿ. ನನ್ನನ್ನು ಕೊಂದು ಇಳಿಸಿ.”

ಚಿತ್ತರಂಜನ ಬೆನ್ನಿಗೆ ಒದ್ದ. ಶೀನಪ್ಪ ಅಲ್ಲಾಡಲಿಲ್ಲ. ಇನ್ನೊಮ್ಮೆ ಒದ್ದು, ಥೂ ಎಂದು ಉಗಿದು, ಸುಮ್ಮನೆ ಹೊರಟುಹೋದ. ಪೀಡೆ ತೊಲಗಿತು ಎಂದು ಶೀನಪ್ಪನಿಗೆ ಜೀವ ಬಂದ ಹಾಗಾಯಿತು.

ವೇದಿಕೆಯಲ್ಲಿ ಇಂಜಿನಿಯರ್ ಜೂಲಿ ಮೇಡಂ ಪರದೆಯ ಮೇಲಿನ ನಕ್ಷೆ ತೋರಿಸುತ್ತಿದ್ದರು. “ಹೊಸ ಘಟಕದಲ್ಲಿ ಎಲ್ಲ ಮಿಷನೇ. ಒಬ್ಬ ಮನುಷ್ಯ ಕೂಡ ಒಳಗೆ ಇಳಿಯುವ ಅಗತ್ಯ ಇರುದಿಲ್ಲ.”

ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಶೀನಪ್ಪ ಕೂತಲ್ಲಿಯೇ ಅವನ ಕೆಳಗೆ ಬಾವಿಯೊಳಕ್ಕೆ ಭೋರೆಂದು ನೀರು ನುಗ್ಗಿತು. ಅಂಗಳದ ಹೊಲಸು ಇಳಿಯತೊಡಗಿತು. ಮುಂದಿನ ಸಾಲಿನವರು ಕರ್ಚೀಫು ಕಿಸೆಗೆ ಹಾಕಿಕೊಂಡರು. ಶೀನಪ್ಪ ತಿರುಗಿ ನೋಡಿದರೆ ಮುಖೇಶ್ ಇಲ್ಲ.

ಬಾವಿಗೆ ಇನ್ನೊಂದು ಮುಚ್ಚಳ ಪಂಪ್‌ಹೌಸಿನ ಹಿಂದೆ ಇತ್ತು. ಓಡಿ ಹೋದರೆ ಅದು ತೆರೆದಿತ್ತು. ಪಕ್ಕದಲ್ಲಿ ಚಿತ್ತರಂಜನ ಒಬ್ಬನೇ ನಿಂತಿದ್ದ.

“ನೋಡು, ಆಯ್ತಲ್ಲ? ಅವನಿಗೆ ನಿನ್ನಷ್ಟು ಸೊಕ್ಕಿಲ್ಲ.”

“ಅವನೆಲ್ಲಿ?”

“ಬರ್ತಾನೆ ಮಾರಾಯ. ಬೊಬ್ಬೆ ಹೊಡಿಬೇಡ, ಮಂತ್ರಿಗಳು ಬಂದ್ರು.”

ಶೀನಪ್ಪ ಬೋರಲು ಬಿದ್ದು ಕತ್ತಲೆಯೊಳಗೆ ಕೈ ಇಳಿಬಿಟ್ಟ. ಹಗ್ಗ ಇರಲಿಲ್ಲ. ಒಳಗೆ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಎದ್ದವನೇ ಚಿತ್ತರಂಜನನ ಕಾಲರು ಹಿಡಿದು, ಮೊಣಕಾಲೂರಿಸಿ, ಬಿಳಿ ಪ್ಯಾಂಟು ಕೆಸರಾಗುವ ಹಾಗೆ ಬಾವಿಯ ಅಂಚಿಗೆ ಬಗ್ಗಿಸಿದ.

“ನೀನೇ ಕರೆ ಅವನನ್ನು. ಹೆಸರು ಹಿಡಿದು ಕರೆ.”

“ಏ,” ಎಂದ ಚಿತ್ತರಂಜನ. “ಏ, ಇವನೇ...” ಕತ್ತು ತಿರುಗಿಸಿ ಶೀನಪ್ಪನನ್ನು ನೋಡಿದ. “ಅವನ ಹೆಸರೆಂತ?”

ಶೀನಪ್ಪ ಹಿಡಿದ ಕಾಲರನ್ನು ಬಿಡಲಿಲ್ಲ.