ಬೀದಿಯಲ್ಲಿ ಬರೆದ ಎಂಟು

ಆ ವರ್ಷ ಮಾರ್ಚ್ ತಿಂಗಳಿಡೀ ನಮ್ಮ ಬೀದಿಯ ಜನ ಒಂದು ಎಂಟನ್ನು ತುಳಿಯದೆ ಬಳಸಿಕೊಂಡು ಓಡಾಡಿದರು. ಹಾಲಿನವರು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬರುತ್ತಿದ್ದರು. ಸೊಪ್ಪಿನ ಗಾಡಿ ಗೋಡೆಗೆ ಒತ್ತಿಕೊಂಡು ಹೋಗುತ್ತಿತ್ತು. ಹಾಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಗಾಂಧಿ ಬಜಾರಿನ ಹಿಂದೆ, ಒಂದು ಕಾಂಪೌಂಡ್ ಗೋಡೆಯವರೆಗೆ ಹೋಗಿ ಅಲ್ಲೇ ನಿಂತುಬಿಡುವ ಬೀದಿ ನಮ್ಮದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕಾಲೇಜಿನ ಲೈಬ್ರರಿ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ನಮ್ಮಣ್ಣ ರಾಮಾನುಜ ರೈಲ್ವೆ ಬಿಟ್ಟು ಆರು ವರ್ಷ. ಮಹಡಿಯ ಕೋಣೆಯಲ್ಲಿ ನೀಮಾ ಬಾಡಿಗೆಗಿದ್ದಳು. ಟಾಂಜಾನಿಯಾದಿಂದ ಫಿಸಿಯೋಥೆರಪಿ ಓದಲು ಬಂದ ಹುಡುಗಿ. ಮೂರು ವರ್ಷದಲ್ಲಿ ಅವಳು ತರಕಾರಿಯವನ ಹತ್ತಿರ ಜಗಳವಾಡುವಷ್ಟು ಕನ್ನಡ ಕಲಿತಿದ್ದಳು. ನನ್ನನ್ನು ಮಾಮಿ ಅನ್ನುತ್ತಿದ್ದಳು, ಅಣ್ಣನನ್ನು ಮಾಮಾ.

ಜನವರಿಯ ಒಂದು ಸಂಜೆ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಮಾಮಿ, ನಂಗೆ ಲೈಸೆನ್ಸ್ ಬೇಕು," ಅಂದಳು.

ಓದಿನ ಕೊನೆಯ ಆರು ತಿಂಗಳು ವಿದ್ಯಾರ್ಥಿಗಳಿಗೆ ತರಬೇತಿ. ಪೋಲಿಯೋ ಆದ ಮಕ್ಕಳಿದ್ದಲ್ಲಿಗೇ ಹೋಗಿ ವ್ಯಾಯಾಮ ಮಾಡಿಸುವ ಸಂಸ್ಥೆಯೊಂದು, ಕನಕಪುರ ರಸ್ತೆಯ ಕಡೆಯ ಹಳ್ಳಿಗಳಿಗೆ ಇಬ್ಬರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿತ್ತು. ಸ್ಕೂಟರ್ ಅವರೇ ಕೊಡುತ್ತಾರೆ, ಲೈಸೆನ್ಸ್ ಮಾತ್ರ ಇರಬೇಕು. ಮಾರ್ಚ್ ಮೂವತ್ತೊಂದರೊಳಗೆ ತೋರಿಸದಿದ್ದರೆ ಆ ಜಾಗ ಬೇರೆಯವರಿಗೆ.

ಅವಳ ತಮ್ಮ ಬರಾಕಾನಿಗೆ ಮೂರನೇ ವರ್ಷದಲ್ಲಿ ಕಾಲು ಸೋತುಹೋಗಿತ್ತು. "ಆಸ್ಪತ್ರೆ ಕೆರೆ ಆಚೆ ಇತ್ತು ಮಾಮಿ. ನಮ್ಮನೆಗೆ ಯಾರೂ ಬರ್ಲಿಲ್ಲ," ಅಂದಳು. ಕೆರೆ ಎಂದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಕೆಂಪಾಂಬುಧಿ ಕೆರೆ. ಆಚೆ ದಡ ಎಷ್ಟು ದೂರ ಎಂದು ಕೇಳಿದೆ. ಕಾಣುವುದೇ ಇಲ್ಲ ಅಂದಳು. ಆ ರಾತ್ರಿ ನನ್ನ ಕನಸಿನಲ್ಲಿ ದಡವಿಲ್ಲದ ಒಂದು ನೀರು ನಮ್ಮ ಬೀದಿಯ ಕೊನೆಯ ಗೋಡೆಯವರೆಗೂ ಬಂದು ನಿಂತಿತ್ತು.

ಕಲಿಯುವವರಿಗೆ ಮೊದಲು ಕೊಡುವ ಎಲ್‌ಎಲ್ ಮಾಡಿಸಲು ಆರ್‌ಟಿಓ ಆಫೀಸಿಗೆ ಹೋದಾಗ ಗುಮಾಸ್ತರು ರೇಷನ್ ಕಾರ್ಡ್ ಕೇಳಿದರು. ಪಾಸ್‌ಪೋರ್ಟ್ ಇತ್ತು, ಕಾಲೇಜಿನ ಪತ್ರವಿತ್ತು, ಪೊಲೀಸರ ಹತ್ತಿರ ನೋಂದಾಯಿಸಿದ ಕಾಗದವೂ ಇತ್ತು. ರೇಷನ್ ಕಾರ್ಡ್ ಅವಳಿಗೆ ಎಲ್ಲಿಂದ ಬರಬೇಕು? ನಾನು ನಮ್ಮ ಕಾರ್ಡನ್ನೇ ಮುಂದೆ ಇಟ್ಟೆ. ಅವರು ಕಾರ್ಡ್ ನೋಡಿದರು, ನೀಮಾಳನ್ನು ನೋಡಿದರು, ನನ್ನನ್ನು ನೋಡಿದರು.

"ಇವರು ನಿಮಗೆ ಏನಾಗ್ಬೇಕಮ್ಮ?"

ಬಾಡಿಗೆಗೆ ಇದ್ದಾರೆ ಎನ್ನಬೇಕಿತ್ತು. "ನಮ್ಮನೆಯವಳು," ಅಂದುಬಿಟ್ಟೆ. ಅವರು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿ, "ಅದನ್ನೇ ಇದರಲ್ಲಿ ಬರೆದು ಸೈನ್ ಹಾಕಿಕೊಡಿ," ಅಂದರು. ಬರೆಯಲು ತಮ್ಮ ಪೆನ್ನನ್ನೇ ಕೊಟ್ಟರು.

ಸ್ಕೂಟರಿನದು ಬೇರೆ ಕಥೆ. ಅಣ್ಣನ ಕೈನೆಟಿಕ್ ಹೊಂಡಾ ಹಳೆಯ ಪಂಚೆಯೊಂದನ್ನು ಹೊದ್ದುಕೊಂಡು ಹಜಾರದ ಮೂಲೆಯಲ್ಲಿ ನಿಂತಿರುತ್ತಿತ್ತು. ವಾರಕ್ಕೊಮ್ಮೆ ಅದರ ಮೇಲೆ ಲಾಲ್‌ಬಾಗಿಗೆ ಹೋಗಿ ಬಂದು, ಮೈ ಒರೆಸಿ ಮತ್ತೆ ಹೊದಿಸುತ್ತಿದ್ದ.

"ಅಣ್ಣ, ನೀಮಾಗೆ ನಿನ್ನ ಗಾಡಿ ಬೇಕಂತೆ, ಕಲಿಯಕ್ಕೆ."

"ನಿಂಗೇ ಕೊಟ್ಟಿಲ್ಲ."

"ನಾನು ಕೇಳಿಲ್ಲ."

ಅವನು ಪೇಪರ್ ಮಡಿಚಿಟ್ಟು ಎದ್ದು ಹೋದ. ಸಂಜೆ ನೋಡಿದರೆ ಹಿತ್ತಲಲ್ಲಿ ಕೂತು, ಗೇಟಿಗೆ ಹೊಡೆದು ಉಳಿದ ಕೆಂಪು ಪೇಂಟಿನಲ್ಲಿ, ರಟ್ಟಿನ ಮೇಲೆ ದೊಡ್ಡ ಎಲ್ ಅಕ್ಷರ ಬರೆಯುತ್ತಿದ್ದ. ಸ್ಕೇಲ್ ಇಟ್ಟು ಬರೆಯುತ್ತಿದ್ದ.

ಪರೀಕ್ಷೆಯಲ್ಲಿ ಎಂಟು ಹಾಕಬೇಕು, ಕಾಲು ನೆಲಕ್ಕೆ ತಾಗಬಾರದು. ಕನ್ನಡದ ಎಂಟಲ್ಲ, ಇಂಗ್ಲಿಷಿನ ಎಂಟು, ಎರಡು ಸೊನ್ನೆ ಅಂಟಿಕೊಂಡಂತೆ. ನೀಮಾಳಿಗೆ ನೇರವಾಗಿ ಓಡಿಸುವುದು ಎರಡೇ ದಿನಕ್ಕೆ ಬಂತು. ತಿರುಗಿಸುವುದು ಬರಲಿಲ್ಲ. ಎಲ್ಲಿ ತಿರುಗಬೇಕೋ ತಿಳಿಯದೆ ಒಮ್ಮೆ ಎದುರುಮನೆ ಕಮಲಮ್ಮನವರ ಗೇಟಿನವರೆಗೂ ಹೋದಳು, ಮತ್ತೊಮ್ಮೆ ಹೊಂಗೆಮರದ ಬುಡಕ್ಕೆ.

ಮರುದಿನ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಮುಗಿಸಿದಾಗ ಕರಟದಲ್ಲಿ ಇನ್ನೂ ಪುಡಿ ಉಳಿದಿತ್ತು. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಬೀದಿ ಸ್ಲೇಟಿನ ಹಾಗೆ ಖಾಲಿ ಬಿದ್ದಿತ್ತು. ನಾನು ಸೊಂಟ ಬಗ್ಗಿಸಿ ನಮ್ಮ ಗೇಟಿನಿಂದ ಹೊರಟು ಮರದವರೆಗೆ ಹೋಗಿ, ಬಳಸಿ, ಹಿಂದಕ್ಕೆ ಬಂದೆ. ಅರವತ್ತು ದಾಟಿದವಳು ಬೀದಿಯ ನಡುವೆ ಹಿಮ್ಮುಖವಾಗಿ ನಡೆಯುತ್ತಾ ಎಂಟರ ಗೆರೆ ಬಿಡುತ್ತಿದ್ದೆ. ಅಷ್ಟು ಉದ್ದದ ಗೆರೆಯನ್ನು ಜೀವನದಲ್ಲೇ ಎಳೆದಿರಲಿಲ್ಲ.

ಬೀದಿ ಗುಡಿಸುವ ಮುನಿಯಕ್ಕ ಪೊರಕೆ ಹಿಡಿದು ಬಂದು ನಿಂತಳು. "ಇದೇನವ್ವಾ, ಯಾವ ದೇವ್ರಿಗೆ ಇಷ್ಟುದ್ದ?"

ಅಣ್ಣ ಗೇಟಿನ ಹತ್ತಿರದಿಂದ, "ಆರ್‌ಟಿಓ ದೇವ್ರಿಗೆ," ಅಂದ.

"ಆ ದೇವ್ರು ಇಷ್ಟು ಹೊತ್ಗೇ ಏಳಕಿಲ್ಲ ಬುಡಿ," ಎಂದಳು ಮುನಿಯಕ್ಕ. ಆದರೆ ಅವತ್ತು ಎಂಟರ ಹೊರಗೆ ಗುಡಿಸಿದಳು, ಒಳಗಿನ ಎರಡು ಸೊನ್ನೆಗಳನ್ನೂ ಗುಡಿಸಿದಳು, ಗೆರೆಯನ್ನು ಮಾತ್ರ ಮುಟ್ಟಲಿಲ್ಲ.

ಮುಂದೆ ಅದೇ ಅಭ್ಯಾಸವಾಯಿತು. ಕಮಲಮ್ಮನವರು, "ಬರೀ ಗೆರೆ ಬಿಟ್ರೆ ಹೇಗೆ ಅಲಮೇಲು," ಎಂದು ಎರಡೂ ಸೊನ್ನೆಗಳ ನಡುಮಧ್ಯಕ್ಕೆ ಒಂದೊಂದು ದಾಸವಾಳ ಇಟ್ಟು ಹೋಗುತ್ತಿದ್ದರು. ನೀಮಾ ಆರು ಗಂಟೆಗೆ ತನ್ನ ಊರಿನ ಹಳದಿ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ಇಳಿದು ಬರುತ್ತಿದ್ದಳು. ಅಣ್ಣ ಪಂಚೆ ಎತ್ತಿಕಟ್ಟಿ ಅವಳ ಪಕ್ಕದಲ್ಲಿ ಓಡುನಡಿಗೆಯಲ್ಲಿ, "ಗೆರೆ ನೋಡು, ಗೆರೆ ನೋಡು," ಎನ್ನುತ್ತಾ ಸುತ್ತುತ್ತಿದ್ದ. ಅವಳು ಗೆರೆ ನೋಡುತ್ತಾ ಸುತ್ತಿದಳು. ಒಂದು ವಾರಕ್ಕೆ ಕಾಲು ಊರುವುದು ನಿಂತಿತು. ಮಬ್ಬುಬೆಳಕಿನಲ್ಲಿ ಆ ಹಳದಿ ಬಟ್ಟೆ ಬಿಳಿ ಗೆರೆಯ ಮೇಲೆ ತೇಲಿಕೊಂಡು ಹೋಗುವುದನ್ನು ನಾನು ಕಾಫಿ ಲೋಟ ಹಿಡಿದು ನೋಡುತ್ತಿದ್ದೆ. ಕಾಫಿ ಆರುತ್ತಿತ್ತು.

ಮಾರ್ಚ್ ಇಪ್ಪತ್ತಮೂರಕ್ಕೆ ಪರೀಕ್ಷೆ. ಮೂವರೂ ಹೋದೆವು. ಮೈದಾನ ಬರಿದಾಗಿತ್ತು. ಕೆಂಪು ಮಣ್ಣಿನ ಮೇಲೆ ಎರಡು ಹಳೆಯ ಟೈರುಗಳನ್ನು ದೂರ ದೂರ ಮಲಗಿಸಿದ್ದರು, ಅಷ್ಟೇ. ಅವುಗಳನ್ನು ಬಳಸಿ ಎಂಟು ಹಾಕಬೇಕು. ನೀಮಾ ಹೊರಟಳು. ಮೊದಲ ಟೈರಿನ ಹತ್ತಿರ ಅವಳ ತಲೆ ಬಗ್ಗಿತು. ಅವಳ ಕಣ್ಣು ನೆಲದ ಮೇಲೆ ಹುಡುಕುತ್ತಿತ್ತು. ಅವಳು ಹುಡುಕುತ್ತಿದ್ದುದು ಏನೆಂದು ನನಗೂ ಅಣ್ಣನಿಗೂ ಒಟ್ಟಿಗೇ ಗೊತ್ತಾಯಿತು. ಗಾಡಿ ಓಲಾಡಿತು, ಎಡಗಾಲು ನೆಲಕ್ಕೆ ಬಂತು.

ಇನ್‌ಸ್ಪೆಕ್ಟರ್ ವಯಸ್ಸಾದವರು. ಗದರಿಸಲಿಲ್ಲ. "ನೆಲದಲ್ಲಿ ಏನಾದ್ರೂ ಬೀಳಿಸ್ಕೊಂಡ್ರೇನಮ್ಮ?" ಎಂದು ಕೇಳಿ, "ಒಂದು ವಾರ ಬಿಟ್ಟು ಬನ್ನಿ," ಎಂದು ಬರೆದರು. ಒಂದು ವಾರ ಎಂದರೆ ಮೂವತ್ತು. ಗಡುವಿಗೆ ಒಂದು ದಿನ ಮೊದಲು.

ದಾರಿಯಲ್ಲಿ ಅಣ್ಣ ಗಾಂಧಿ ಬಜಾರಿನಲ್ಲಿ ದೋಸೆ ಕೊಡಿಸಿದ. ನೀಮಾ ತಟ್ಟೆ ಮುಟ್ಟಲಿಲ್ಲ. ಮನೆಗೆ ಬಂದು ಸ್ಕೂಟರಿಗೆ ತಾನೇ ಪಂಚೆ ಹೊದಿಸಿ, ಬೀಗದ ಕೈಯನ್ನು ಅಣ್ಣನ ಮೇಜಿನ ಮೇಲಿಟ್ಟಳು.

"ಸಾಕು ಮಾಮಾ. ನಾನು ಆಸ್ಪತ್ರೇಲೇ ಮಾಡ್ತೀನಿ. ಬೇರೆ ಯಾರಾದ್ರೂ ಹೋಗ್ತಾರೆ ಆ ಮಕ್ಳ ಹತ್ರ."

ಅವಳು ಮೇಲೆ ಹೋದ ಮೇಲೆ ಅಣ್ಣ ಬೀಗದ ಕೈ ಎತ್ತಿಕೊಂಡ. "ಗೆರೆ ನೋಡು ಅಂತ ಬಡ್ಕೊಂಡಿದ್ದು ನಾನು," ಅಂದ.

"ಗೆರೆ ಹಾಕಿದ್ದು ನಾನು," ಅಂದೆ.

ಮರುದಿನ ಬೆಳಿಗ್ಗೆ ನಾನು ಎಂಟು ಬರೆಯಲಿಲ್ಲ. ಬಾಗಿಲು ತೆರೆದಾಗ ಮುನಿಯಕ್ಕ ಬೀದಿಯ ನಡುವೆ ಸುಮ್ಮನೆ ನಿಂತಿದ್ದಳು. ರಾತ್ರಿಯೆಲ್ಲ ಹೊಂಗೆಹೂ ಉದುರಿತ್ತು. ಹುರಿಗಡಲೆ, ಅರಳು ಚೆಲ್ಲಿದ ಹಾಗೆ ಬೀದಿಯಗಲಕ್ಕೂ ಹೂವು. ನಿನ್ನೆಯ ಗೆರೆ ಅದರಡಿ ಮುಚ್ಚಿಹೋಗಿ, ಅಲ್ಲೊಂದು ಇಲ್ಲೊಂದು ಕಡೆ ಬೆರಳಗಲ ಬಿಳುಪು ಮಾತ್ರ ಕಾಣುತ್ತಿತ್ತು.

"ಗುಡಿಸ್ಲಾ ಅವ್ವಾ, ಬುಡ್ಲಾ?"

ನಾನು ಆ ಬಿಳಿಯ ತುಣುಕುಗಳನ್ನು ನೋಡುತ್ತಿದ್ದೆ. ಚುಕ್ಕಿ ಇಟ್ಟು ಯಾರೋ ಎದ್ದುಹೋದಂತಿತ್ತು. ನನಗೆ ಐದಾರು ವರ್ಷವಿದ್ದಾಗ ಅಮ್ಮ ಜಗಲಿಯ ಮೇಲೆ ಹೀಗೇ ಬರೀ ಚುಕ್ಕಿ ಇಟ್ಟುಕೊಡುತ್ತಿದ್ದಳು. ಗೆರೆ ಎಲ್ಲೂ ಇರುತ್ತಿರಲಿಲ್ಲ. ಕೈ ನೋಡಬೇಡ, ಮುಂದಿನ ಚುಕ್ಕಿ ನೋಡು ಎನ್ನುತ್ತಿದ್ದಳು. ಕಣ್ಣು ಅಲ್ಲಿದ್ದರೆ ಕೈ ತಾನಾಗಿ ಬಳಸಿಕೊಂಡು ಹೋಗಿ ಸೇರುತ್ತಿತ್ತು.

ಮೇಲೆ ಹೋಗಿ ನೀಮಾಳನ್ನು ಎಬ್ಬಿಸಿದೆ. ಅವಳು ಕಣ್ಣು ಉಜ್ಜಿಕೊಳ್ಳುತ್ತಾ ಬಂದಳು. ಸ್ಕೂಟರಿನ ಮಾತೇ ಎತ್ತದೆ ಜಗಲಿಯ ಮೇಲೆ ಎರಡು ಚುಕ್ಕಿ ಇಟ್ಟು ಕರಟವನ್ನು ಅವಳ ಕೈಗೆ ಕೊಟ್ಟೆ.

"ಎರಡನ್ನೂ ಸುತ್ತಿ ಬಾ. ಪುಡಿ ನೋಡ್ಬೇಡ, ಚುಕ್ಕಿ ನೋಡು."

ಮೊದಲನೆಯದು ಬದನೆಕಾಯಿಯಂತೆ ಬಂತು. ಅವಳಿಗೇ ನಗು ಬಂತು. ಹತ್ತನೆಯದು ಎಂಟಾಯಿತು. ಆಗ ಅವಳು ನನ್ನ ಮುಖ ನೋಡಿದಳು, ಎದ್ದಳು, ಒಳಗೆ ಹೋಗಿ ಪಂಚೆ ಎಳೆದಳು. ಅಣ್ಣ ಬೀಗದ ಕೈ ಹಿಡಿದು ಬಾಗಿಲಲ್ಲಿ ಆಗಲೇ ನಿಂತಿದ್ದ.

ಆ ವಾರವೆಲ್ಲ ಬೀದಿಯಲ್ಲಿ ಇದ್ದುದು ಕಮಲಮ್ಮನವರ ಎರಡು ದಾಸವಾಳ ಮಾತ್ರ. ಗೆರೆ ಇರಲಿಲ್ಲ. ಆದರೂ ಹಾಲಿನವರು ಇಳಿದು ಸೈಕಲ್ ತಳ್ಳುತ್ತಿದ್ದರು, ಸೊಪ್ಪಿನ ಗಾಡಿ ಗೋಡೆಗೆ ಒತ್ತುತ್ತಿತ್ತು. ಅಣ್ಣ ಓಡುವುದನ್ನು ಬಿಟ್ಟು ಮರದ ಕೆಳಗೆ ಕೈಕಟ್ಟಿ ನಿಂತ. ಬಾಯಿ ಮಾತ್ರ ಮುಚ್ಚಿಕೊಂಡಿರಲು ಅವನಿಗೆ ಕಷ್ಟವಾಗುತ್ತಿತ್ತು.

ಮೂವತ್ತನೇ ತಾರೀಖು ಅದೇ ಮೈದಾನ, ಅದೇ ಎರಡು ಟೈರು. ಇನ್‌ಸ್ಪೆಕ್ಟರ್ ಅವಳನ್ನು ಗುರುತಿಸಿದರು. "ಬಿದ್ದದ್ದು ಸಿಕ್ತಾ?" ಅಂದರು.

"ಸಿಕ್ತು ಸಾರ್," ಅಂದಳು ನೀಮಾ.

ಅವಳು ತಲೆ ಎತ್ತಿಕೊಂಡೇ ಹೊರಟಳು. ದೂರದ ಟೈರಿನ ಮೇಲೆ ಕಣ್ಣಿಟ್ಟು ಹೋದಳು, ಅದನ್ನು ಬಳಸುವ ಮೊದಲೇ ಕಣ್ಣನ್ನು ಇನ್ನೊಂದಕ್ಕೆ ತಿರುಗಿಸಿದಳು. ಬಿಸಿಲಿಗೆ ಕೆಂಪು ಧೂಳು ಎದ್ದು ಅವಳ ಹಿಂದೆ ತೆಳ್ಳಗೆ ತೂಗುತ್ತಿತ್ತು. ಒಂದು ಸುತ್ತು, ಇನ್ನೊಂದು ಸುತ್ತು. ಸದ್ದೆಲ್ಲ ಎಲ್ಲಿಗೋ ಹೋಗಿತ್ತು. ಗಾಡಿಯ ಹಿಂದೆ ನೆಲದ ಮೇಲೆ ಒಂದು ಬಿಳಿ ಗೆರೆ ತಾನಾಗಿ ಮೂಡುತ್ತಾ ಬರುವುದನ್ನು ನಾನು ಕಂಡೆ. ಪಕ್ಕದಲ್ಲಿ ಅಣ್ಣ ಎರಡೂ ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತಿದ್ದ.

ಅವಳ ಕಾಲು ನೆಲಕ್ಕೆ ತಾಗಲಿಲ್ಲ.

ಮಧ್ಯಾಹ್ನ ಲೈಸೆನ್ಸ್ ಕೈಗೆ ಬಂತು. ವಿಳಾಸದ ಜಾಗದಲ್ಲಿ ಕೇರಾಫ್ ಎಂದು ನನ್ನ ಹೆಸರಿತ್ತು. ಮೂವತ್ತೊಂದಕ್ಕೆ ಸಂಸ್ಥೆಯವರಿಗೆ ತೋರಿಸಿ, ಸಂಜೆ ಬಂದು, ನಾಡಿದ್ದು ಮೊದಲನೆಯ ಹಳ್ಳಿಗೆ ಹೋಗಬೇಕೆಂದು ಹೇಳಿದಳು. ಅಲ್ಲೊಬ್ಬ ಹುಡುಗನಿಗೆ ನಾಲ್ಕು ವರ್ಷವಂತೆ, ಹೊಸಲು ದಾಟಿ ಹೊರಗೆ ಬರುವುದಿಲ್ಲವಂತೆ.

ಅವಳು ಮೊದಲ ಸಲ ಹಳ್ಳಿಗೆ ಹೋದ ದಿನ ನಾನು ಬಾಗಿಲಿನ ರಂಗೋಲಿಯಷ್ಟನ್ನೇ ಹಾಕಿ ಕರಟ ಒಳಗಿಟ್ಟೆ. ಅಣ್ಣ ಸ್ಕೂಟರಿಗೆ ಹೊದಿಸುವ ಪಂಚೆಯನ್ನು ಕೈಯಲ್ಲಿ ಹಿಡಿದುಕೊಂಡು, ಹೊದಿಸದೆ ನಿಂತಿದ್ದ. ಹೊರಗೆ ಮುನಿಯಕ್ಕ ಬೀದಿ ಗುಡಿಸಿ ಮುಗಿಸಿ ಹೋಗುತ್ತಿದ್ದಳು.

"ಅಲ್ಲವ್ವಾ," ಎಂದು ಅವಳು ಹಿಂದಿರುಗಿ ನೋಡಿ ನಿಂತಳು. "ನಿಮ್ಮ ಗೆರೆ ಇಲ್ದಿದ್ರೂ ನನ್ ಕೈ ಬಳಸ್ಕೊಂಡೇ ಗುಡಿಸ್ಯದೆ ನೋಡಿ."

ಇಳಿದು ಹೋಗಿ ನೋಡಿದೆ. ಬೀದಿಯೆಲ್ಲ ಚೊಕ್ಕಟವಾಗಿತ್ತು. ಪೊರಕೆ ತಾಗದೆ ಉಳಿದ ಕಡೆ, ನಮ್ಮ ಗೇಟಿನಿಂದ ಮರದವರೆಗೆ, ಬೆರಳಗಲದ ಹೊಂಗೆಹೂವಿನ ಒಂದು ಎಂಟು ಬಿದ್ದುಕೊಂಡಿತ್ತು.